ಅಪ್ಪ ಹಾಕಿದ ಕತ್ತಿನ ಪಟ್ಟು

ಗರಡಿಗೆಲ್ಲ ಕುಸ್ತಿ ಕಲಿಸುವ ವಸ್ತಾದ್ ಆಗಿದ್ದ, ನನಗೆ ಬರೀ ಅಪ್ಪನಾಗಿದ್ದ ನಿನಗೆ,

ಇವತ್ತು ಶಾಲೆಯಲ್ಲಿ ಹುಡುಗಿಯರಿಗೆ ಕತ್ತಿನ ಪಟ್ಟು ಬಿಡಿಸಿಕೊಳ್ಳುವುದನ್ನು ಹೇಳಿಕೊಡಬೇಕಿತ್ತು. ಒಬ್ಬಳ ಕತ್ತನ್ನು ನನ್ನ ತೋಳಿನಲ್ಲಿ ಸಿಕ್ಕಿಸಿಕೊಂಡು ಹಾಗೇ ನಿಂತುಬಿಟ್ಟೆ. "ಮಿಸ್, ಆಮೇಲೆ?" ಎಂದಳು ಪಾಪ, ಬಗ್ಗಿದಲ್ಲಿಂದಲೇ. ನೀರು ಕುಡಿದು ಬರ್ತೀನಿ ಎಂದು ಹೊರಗೆ ಹೋಗಿ ಅತ್ತುಬಿಟ್ಟೆ. ನೀನು ಹೋಗಿ ಮೂರು ತಿಂಗಳಾಯಿತು, ನನಗಿನ್ನೂ ಅಭ್ಯಾಸವಾಗಿಲ್ಲ.

ಚಿಕ್ಕವಳಿದ್ದಾಗ ಶ್ರೀನಿವಾಸಪುರದ ನಮ್ಮ ಹಿತ್ತಲಲ್ಲಿ, ಮಾವಿನ ಮಂಡಿಯಿಂದ ಬಂದ ಬೆವರು ಮೈಯಲ್ಲೇ ನೀನಿದನ್ನು ಕಲಿಸಿದೆ. "ಕತ್ತು ಹಿಡುದ್ರೆ ಹಿಂದಕ್ಕೆ ಎಳೀಬೇಡ ಕಣೇ, ಉಸ್ರು ಕಟ್ತದೆ. ಗದ್ದ ಎದೆಗೊತ್ತು. ಮುಖ ಅವನ ಪಕ್ಕೆ ಕಡೆ ತಿರುಗ್ಸು. ಅವನ ಕಾಲಿನ ಹಿಂದೆ ನಿನ್ ಕಾಲಿಟ್ಟು ಕುಂತ್ಕೊ, ಅವನೇ ಬೀಳ್ತಾನೆ." ಅಮ್ಮ ಒಲೆ ಮುಂದಿನಿಂದಲೇ, "ಹೆಣ್ಮಗೂಗೆ ಕುಸ್ತಿ ಕಲ್ಸಿ ಯಾವನ್ ಕೊರಳಿಗೆ ಕಟ್ತೀಯ?" ಎನ್ನುತ್ತಿದ್ದಳು. ನಿನ್ನದು ಜಾಣಗಿವುಡು.

ವಯಸ್ಸಾದ ಮೇಲೆ ನಿನ್ನ ನೆನಪು ಸವೆಯುತ್ತಾ ಬಂತು. ಮೊದಲು ಅಮ್ಮನ ಹೆಸರು ಹೋಯಿತು, ಆಮೇಲೆ ನಾನು. "ಎವುರಮ್ಮ ನುವ್ವು?" ಎಂದು ತೆಲುಗಿನಲ್ಲಿ ಕೇಳುತ್ತಿದ್ದೆ, ಯಾರಮ್ಮ ನೀನು ಎಂದು. ನಮ್ಮ ಮನೆಯ ಮಾತು ಕನ್ನಡ, ಮುಳಬಾಗಿಲಿನ ನಿನ್ನ ಗರಡಿಯ ಮಾತು ತೆಲುಗು. ಮನಸ್ಸಿನಲ್ಲೇ ನೀನು ಮನೆ ಬಿಟ್ಟು ಗರಡಿಗೆ ಹೊರಟುಹೋಗಿದ್ದೆ. ನಾನು ಗಂಗೂ ಅಂದರೆ ನೀನು ದಾರಿಹೋಕರಿಗೆ ನಗುವಂತೆ ನಗುತ್ತಿದ್ದೆ. ಅಪ್ಪ ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ ಎಂದು ನಾನು ಕೈಮುಗಿಯದ ದೇವರಿಲ್ಲ.

ಒಂದು ಬೆಳಗ್ಗೆ ಬಚ್ಚಲಲ್ಲಿ ನಿನ್ನ ಬೆನ್ನು ಉಜ್ಜುತ್ತಿದ್ದಾಗ ಎದ್ದವನೇ ಗಬಕ್ಕನೆ ನನ್ನ ಕತ್ತು ಹಿಡಿದೆ. ಯಾವ ಕಾಲದ ಎದುರಾಳಿ ಕಂಡನೋ ನಿನಗೆ. ಮುದಿ ತೋಳಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಗದ್ದ ಒತ್ತಿದೆ, ಮುಖ ತಿರುಗಿಸಿದೆ, ನನ್ನ ಕಾಲು ತಾನಾಗಿಯೇ ನಿನ್ನ ಕಾಲಿನ ಹಿಂದೆ ಹೋಗಿತ್ತು. ಕೂತಿದ್ದರೆ ಪಟ್ಟು ಬಿಡುತ್ತಿತ್ತು. ಆದರೆ ಕೆಳಗಿದ್ದದ್ದು ಗರಡಿಯ ಮಣ್ಣಲ್ಲ, ಕಲ್ಲು ಚಪ್ಪಡಿ. ನಿನ್ನ ಸೊಂಟ ಮುರಿಯುತ್ತಿತ್ತು. ಕಾಲು ವಾಪಸ್ ತೆಗೆದುಕೊಂಡೆ. ಸೋತೆ ಅಂದವನನ್ನು ಮತ್ತೆ ಹಿಡಿದಿರಬಾರದು ಎಂಬುದು ನಿಮ್ಮ ಗರಡಿಯ ಕಟ್ಟಳೆ. "ಸೋತೆ ವಸ್ತಾದ್" ಅಂದೆ. ತಟ್ಟನೆ ಬಿಟ್ಟು ನನ್ನ ಬೆನ್ನು ಚಪ್ಪರಿಸಿದೆ. ಅವತ್ತು ನೀನು ಎರಡು ಮುದ್ದೆ ಉಂಡೆ.

ಅಲ್ಲಿಂದ ದಿನಾ ಅದೇ. ನೀನು ಹಿಡಿಯುವುದು, ನಾನು ಸೋಲುವುದು. ನಾನು ಮಗಳಾಗಿ ಹತ್ತಿರ ಬಂದರೆ ನೀನು ಹೆದರುತ್ತಿದ್ದೆ, ಸೋತವಳಾದರೆ ಬೆನ್ನು ತಟ್ಟುತ್ತಿದ್ದೆ. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ನನ್ನ ಕತ್ತಿಗೆ ಹರಳೆಣ್ಣೆ ತಿಕ್ಕುತ್ತಾ ಅಮ್ಮ ಅಳುತ್ತಿದ್ದಳು.

ಆಮೇಲೆ ನೀನು ಹಾಸಿಗೆ ಹಿಡಿದೆ. ಗಂಜಿ ಕುಡಿಸಲು ಬಗ್ಗಿದಾಗ ಹೇಗೋ ತೋಳೆತ್ತಿ ನನ್ನ ಕತ್ತಿನ ಮೇಲೆ ಹಾಕಿದೆ. ಒದ್ದೆ ಟವಲಿನಷ್ಟೂ ಭಾರವಿರಲಿಲ್ಲ. ಆದರೂ ರೂಢಿಯಂತೆ "ಸೋತೆ ವಸ್ತಾದ್" ಅಂದೆ. ನೀನು ಬಿಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, ಕನ್ನಡದಲ್ಲಿ ಬೈದೆ.

"ಸೋತೆ ಅಂತೀಯಲ್ಲೇ ಗಂಗೂ, ನಾಚ್ಕೆ ಆಗಲ್ವಾ? ಬಿಡಿಸ್ಕೊಳ್ಳೋದು ಹೇಳ್ಕೊಟ್ಟಿಲ್ವಾ ನಾನು?"

ಹೇಳಿಕೊಟ್ಟಿದ್ದೆ ಅಪ್ಪಾ. ಎಲ್ಲಾ ಗೊತ್ತಿತ್ತು. ಬಿಡಿಸಿಕೊಳ್ಳುವ ಮನಸ್ಸೇ ಬರಲಿಲ್ಲ. ಗಂಜಿ ಆರಿ ಕೆನೆಗಟ್ಟುವವರೆಗೂ ಆ ತೋಳಿನ ಕೆಳಗೆ ಹಾಗೇ ಬಗ್ಗಿದ್ದೆ. ಕೊನೆಗೆ ಅಮ್ಮ ಬಂದು, ನಿನ್ನ ಮುಖ ನೋಡಿ, ಕಣ್ಣು ಮುಚ್ಚಿಸಿ, ನಿನ್ನ ಕೈಯನ್ನು ಮೆಲ್ಲಗೆ ಎತ್ತಿ ಹಾಸಿಗೆಯ ಮೇಲಿಟ್ಟಳು.

ನೀನಿರುವ ಕಡೆ ನೆಲ ಮೆತ್ತಗಿರಲಿ, ಹೋಗಿ ಬಾ.

ನಿನ್ನ ಮಗಳು,
ಗಂಗೂ