ದೋಣಿಗೆ ದನದ ಗಂಟು

ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು
9 ನವೆಂಬರ್ 2025, ಭಾನುವಾರ

ಅಣ್ಣಾ,

ಮೊದಲು ಪ್ರೀತಿಯ ಅಂತ ಸೇರಿಸಬೇಕಿತ್ತು, ಈಗ ಕೈ ಬರ್ತಿಲ್ಲ. ಬೇಕಿದ್ದರೆ ನೀನೇ ಬರೆದುಕೋ. ಚೆನ್ನಾಗಿದ್ದೀಯಾ? ಹಿಮ್ಮಡಿ ಒಡೆದು ರಕ್ತ ಬರ್ತಿದೆ ಅಂದಿದ್ದೆಯಲ್ಲ, ವಾಸಿಯಾಯ್ತಾ? ಜೈಸಲ್ಮೇರಿನಲ್ಲಿ ರಾತ್ರಿ ಹೊತ್ತು ಚಳಿಯಂತೆ, ಅಜ್ಜಿ ಕೊಟ್ಟ ಕಂಬಳಿ ಹೊದ್ದುಕೋ. ಜೊತೆಯ ಸಿಪಾಯಿಗಳು ನಗ್ತಾರೆ ಅಂತ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ನಡುಗಬೇಡ. ಇಲ್ಲಿ ಅಜ್ಜಿ ಗಟ್ಟಿಯಾಗಿದ್ದಾಳೆ. ಎಮ್ಮೆ ಕರು ಹಾಕಿದೆ. ಅಪ್ಪ ಎಂದಿನಂತೆ ತಾನು ಹೇಳಿದ್ದೇ ಸರಿ ಅಂತ ಓಡಾಡಿಕೊಂಡಿದ್ದಾನೆ. ಫೋನ್ ಬಿಟ್ಟು ಪತ್ರ ಯಾಕೆ ಅಂತ ಕೇಳ್ತೀಯ. ನನ್ನ ಫೋನ್ ಅಪ್ಪನ ಜೇಬಿನಲ್ಲಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಅನ್ನೋದನ್ನೇ ಬರೀತಿದ್ದೀನಿ, ಪೂರ್ತಿ ಓದು.

ನರಸೀಪುರದ ಸಂಗಮದ ಹತ್ತಿರ ಒಂದು ಕ್ಲಬ್ಬಿನವರು ಹಾಯಿದೋಣಿ ಕಲಿಸ್ತಾರೆ, ನಾನು ಸೇರಿದ್ದೀನಿ ಅಂತ ದಸರಾ ಹೊತ್ತಲ್ಲೇ ಹೇಳಿದ್ದೆ. ನೀನು ಅಪ್ಪನ ಜೊತೆ ಸೇರಿಕೊಂಡು "ಎಣ್ಮಗಳ್ಗೆ ಯಾಕಮ್ಮೀ ದೋಣಿ ಗೀಣಿ" ಅಂದೆ. ಮರಳಿನ ಮೇಲೆ ಕೂತು ನೀರಿನ ವಿಷಯ ತೀರ್ಮಾನ ಮಾಡೋ ಮಹಾರಾಯ! ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಏನು ಬಂದೀತು ಅಂತ ಇಬ್ಬರೂ ನಕ್ಕಿರಿ. ಬಂತು ಕಣಣ್ಣ. ಮೊದಮೊದಲು ದೋಣಿ ಹತ್ತಿಸಲೇ ಇಲ್ಲ, ಬರೀ ಗಂಟು. ಕಲಿಸೋ ಕಿರಣ್ ಸಾರ್ ಎಲ್ಲರ ಕೈಗೂ ಒಂದೊಂದು ತುಂಡು ಹಗ್ಗ ಕೊಟ್ಟು ಕೂರಿಸಿದರು. ಹಾಯಿಯ ಹಗ್ಗ ತೂತಿನಿಂದ ಜಾರಿಹೋಗದ ಹಾಗೆ ತುದಿಗೆ ಎಂಟರ ಆಕಾರದ ಗಂಟು. ದೋಣಿ ಕಟ್ಟೋಕೆ, ನೀರಿಗೆ ಬಿದ್ದವರನ್ನ ಎಳೆಯೋಕೆ ಬೋಲೈನ್ ಅಂತ ಇನ್ನೊಂದು. ಅದರ ಕುಣಿಕೆ ಎಷ್ಟು ಜಗ್ಗಿದರೂ ಬಿಗಿಯೋದಿಲ್ಲ, ಬಿಚ್ಚಿಕೊಳ್ಳೋದೂ ಇಲ್ಲ. ಅದನ್ನ ಕಲಿಸೋಕೆ ಒಂದು ಮೊಲದ ಕಥೆ. ಹಗ್ಗದಲ್ಲಿ ಸುತ್ತು ಮಾಡಿದರೆ ಬಿಲ, ತುದಿಯೇ ಮೊಲ, ಉಳಿದ ಉದ್ದ ಹಗ್ಗ ಮರ. ಮೊಲ ಬಿಲದಿಂದ ಹೊರಗೆ ಬಂತು, ಮರ ಸುತ್ತಿತು, ವಾಪಸ್ ಬಿಲಕ್ಕೇ ಹೋಯಿತು. ಇಷ್ಟಕ್ಕೆ ಆ ಮೊಲ ಹೊರಗೆ ಯಾಕೆ ಸಾರ್ ಬಂತು ಅಂತ ಕೇಳಿದೆ. ಸಾರ್ ಮುಖ ಊದಿಸಿಕೊಂಡರು. ಮೈಸೂರಿನಿಂದ ಬರೋ ಹುಡುಗಿಯರು ಗ್ಲೌಸ್ ಹಾಕಿಕೊಂಡು ಮೊಲ ಮೊಲ ಅಂತ ರಾಗ ಎಳೀತಿದ್ದರು, ಒಬ್ಬಳ ಮೊಲವೂ ಬಿಲ ಸೇರಲಿಲ್ಲ. ನಾನು ಮಂಚದ ಕಾಲಿಗೆ, ಕಿಟಕಿ ಸರಳಿಗೆ, ಅಜ್ಜಿಯ ಊರುಗೋಲಿಗೆ ಕಟ್ಟಿ ಕಟ್ಟಿ, ಕಣ್ಣು ಮುಚ್ಚಿಕೊಂಡರೂ ಬರೋ ಹಾಗೆ ಮಾಡಿಕೊಂಡೆ.

ಮುಂದಿನ ತಿಂಗಳು ಹೈದರಾಬಾದಿನಲ್ಲಿ ಹಾಯಿದೋಣಿ ಸ್ಪರ್ಧೆ. ಇಬ್ಬರು ಹುಡುಗಿಯರನ್ನ ಆರಿಸಿದರು, ಒಬ್ಬಳು ನಾನು. ಆದರೆ ನನಗೆ ಹದಿನೇಳು. ಮನೆಯ ಹಿರಿಯರು ಯಾರಾದರೂ ನದಿಗೇ ಬಂದು, ನೋಡಿ, ಕಳಿಸ್ತೀವಿ ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲ ಅಂದರೆ ನನ್ನ ಜಾಗ ಗ್ಲೌಸಿನವಳಿಗೆ. ಹೋದ ಭಾನುವಾರ ಕಾಡಿ ಬೇಡಿ ಅಪ್ಪನನ್ನ ಹೊರಡಿಸಿದೆ, ಅಜ್ಜಿಯೂ ಬಂದಳು. ಕಿರಣ್ ಸಾರ್ ಪಾಪ, ದೋಣಿ ಕಟ್ಟೋದು ಹೀಗೆ ಯಜಮಾನ್ರೇ ಅಂತ ತೋರಿಸೋಕೆ ಹೋದರು. ಅಪ್ಪ ಹಗ್ಗ ಕಿತ್ತುಕೊಂಡ. "ಅಗ್ಗ ಕಟ್ಟೋದ್ ನಂಗ್ ಯೋಳ್ಕೊಡ್ಬ್ಯಾಡಿ ಸಾ. ನಲ್ವತ್ ವರ್ಸದಿಂದ ದನ ಕಟ್ತಿವ್ನಿ, ಒಂದಾರ ಕಿತ್ಕೊಂಡ್ ಓಗಿದ್ದಾ ಕೇಳಿ." ನಮ್ಮಲ್ಲಿ ದನಕ್ಕೆ ಯಾರೂ ಬಿಗಿ ಗಂಟು ಹಾಕಲ್ಲ, ನಿನಗೂ ಗೊತ್ತು. ಕೊಟ್ಟಿಗೆಗೆ ಬೆಂಕಿ ಬಿದ್ದರೆ, ಹಾವು ನುಗ್ಗಿದರೆ, ತುದಿ ಒಂದು ಸಲ ಜಗ್ಗಿದ ಕೂಡಲೇ ಬಿಚ್ಚಿಕೊಳ್ಳಬೇಕು. ಕೊಟ್ಟಿಗೆಗೆ ಅದೇ ಸರಿ. ಅಪ್ಪ ಅದನ್ನೇ ತಂದು ದೋಣಿಯ ಮೂತಿಯಲ್ಲಿದ್ದ ಕಬ್ಬಿಣದ ಬಳೆಗೆ ಹಾಕಿದ. ಜಗ್ಗೋ ತುದಿ ದೋಣಿಯೊಳಗೇ ನೇತಾಡ್ತಿತ್ತು. ಅದು ನಿಲ್ಲಲ್ಲ ಅಪ್ಪ ಅಂದೆ. "ಮುಚ್ಚಮ್ಮೀ ಬಾಯ" ಅಂದ, ಎಲ್ಲರೆದುರಿಗೆ.

ಇಷ್ಟರಲ್ಲಿ ಅಜ್ಜಿ ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಸದ್ದಿಲ್ಲದೆ ದೋಣಿಯೊಳಗೆ ಹೋಗಿ ಕೂತಿದ್ದಳು. ದೋಣಿ ಅಲ್ಲಾಡಿತು. ಆಸರೆಗೆ ಅಂತ ಕಣ್ಣೆದುರಿಗಿದ್ದ ತುದಿ ಹಿಡಿದು ಜಗ್ಗಿದಳು. ಅಷ್ಟೇ. ದೋಣಿ ಅಜ್ಜಿಯ ಸಮೇತ ಕಪಿಲೆ ಕಾವೇರಿಗೆ ಸೇರೋ ಕಡೆಗೆ ಜಾರಿತು. ಅಪ್ಪ ದಡದಲ್ಲಿ ನಿಂತು "ಓ ಓ ಓ, ನಿಂತ್ಕೋ, ನಿಂತ್ಕೋ" ಅಂತ ದೋಣಿಗೆ ಕೂಗ್ತಿದ್ದಾನೆ! ನಿನ್ನಾಣೆಗೂ ದೋಣಿಗೇ. ಈಜು ಬರಲ್ಲ, ಬರೋದು ಕೂಗೋದು ಮಾತ್ರ. ನಾನು ಉದ್ದ ಹಗ್ಗದ ಒಂದು ತುದಿ ಕಿರಣ್ ಸಾರ್ ಕೈಗೆ ಕೊಟ್ಟೆ, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು ಹಾರಿದೆ. ದೋಣಿ ಸಿಕ್ಕಿದಾಗ, ಸುಳ್ಳು ಯಾಕೆ ಹೇಳಲಿ ಕಣಣ್ಣ, ಗಂಟು ಮರೆತೇಹೋಗಿತ್ತು. ಆ ದರಿದ್ರ ಮೊಲವನ್ನೇ ಜೋರಾಗಿ ಹೇಳಿಕೊಂಡೆ, ಬಿಲದಿಂದ ಬಂತು, ಮರ ಸುತ್ತಿತು. ಅಜ್ಜಿ ಮೇಲಿಂದ ಬಗ್ಗಿ "ಅದ್ಯಾವ್ ಮೊಲನಮ್ಮೀ ಈಗ!" ಅಂತ ಬೈದಳು. ಮೊಲ ಬಿಲ ಸೇರಿತು. ದಡದಲ್ಲಿದ್ದವರು ಎಳೆದುಕೊಂಡರು. ಅಜ್ಜಿಯ ಸೀರೆ ಅಂಚು ಕೂಡ ನೆನೆಯಲಿಲ್ಲ.

ಅಪ್ಪ ಏನಂದ ಗೊತ್ತಾ? ಸೈ ಅಂದ ಅಂದುಕೊಂಡೆಯಾ? "ನಮ್ಮವ್ವುನ್ನ ಒಳೆ ಪಾಲು ಮಾಡ್ತಿದ್ದೆ ನೀನು. ಇನ್ ಇತ್ತಾಗ್ ಕಾಲಿಟ್ರೆ ಮುರಿತೀನಿ" ಅಂತ ನನಗೇ ಅಂದ. ಫೋನ್ ಕಿತ್ತುಕೊಂಡ. ಈಗ ನಂಜನಗೂಡಿನಲ್ಲಿ ಹೋದ ಕಡೆಯೆಲ್ಲ ಕ್ಲಬ್ಬಿನವರ ಹಗ್ಗ ಕೊಳೆತಿತ್ತು ಅಂತ ಸಾರ್ತಿದ್ದಾನೆ. ಹೊಸ ಹಗ್ಗ ಅದು, ಬೆಳ್ಳಗೆ ಹೊಳೀತಿತ್ತು. ತನ್ನ ಗಂಟು ತಪ್ಪು ಅನ್ನೋದಕ್ಕಿಂತ ಮಗಳನ್ನ ಮನೆಯಲ್ಲಿ ಕೂರಿಸೋದು ಅವನಿಗೆ ಸುಲಭ. ನೀನೂ ಅವನ ಮಗನೇ ತಾನೇ. ಮನೆ ಬಿಟ್ಟು ಹೊರಟ ದಿನ ನಿನ್ನನ್ನ ಯಾರೂ ಯಾಕೆ ಅನ್ನಲಿಲ್ಲ, ಹಾರ ಹಾಕಿ ಬಸ್ ಹತ್ತಿಸಿದರು. ಹಿರಿಯರು ಬಂದು ಹೇಳೋಕೆ ಇವತ್ತು ಸಂಜೆಯೇ ಕೊನೆ. ಹೊತ್ತು ಇಳೀತಾ ಇದೆ, ನಾನು ಕೊಟ್ಟಿಗೆಯಲ್ಲಿ ಕೂತು ನಿನಗೆ ಬರೀತಿದ್ದೀನಿ. ಅಪ್ಪ ಜಗಲಿ ಮೇಲೆ ನಿದ್ದೆ ಹೊಡೀತಿದ್ದಾನೆ.

ಮೈ ನೋಡಿಕೋ, ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಅಜ್ಜಿಯ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ. ಅಪ್ಪನದು ಬೇಕಿದ್ದರೆ ಅವನನ್ನೇ ಕೇಳಿಕೋ.

ನಿನ್ನ ತಂಗಿ,
ಭಾನುಪ್ರಿಯಾ

ಕೊನೆಗೊಂದು ಮಾತು: ಅಂಟಿಸಿದ ಕವರು ಕಿತ್ತು ಬರೀತಿದ್ದೀನಿ. ಅಜ್ಜಿ ಈಗ ತಾನೇ ಬಸ್ಸಿಳಿದು ಬಂದಳು. ಯಾರಿಗೂ ಹೇಳದೆ ಒಬ್ಬಳೇ ನರಸೀಪುರಕ್ಕೆ ಹೋಗಿ ಕಿರಣ್ ಸಾರ್ ಎದುರು ನಿಂತು ಕಳಿಸ್ತೀವಿ ಅಂದಿದ್ದಾಳೆ. ನಿಮಗೆ ಭಯ ಇಲ್ವಾ ಅಜ್ಜಿ ಅಂದರಂತೆ. "ನನ್ ನೀರ್ನಿಂದ ಎಳ್ಕಂಡ್ ಬಂದವ್ಳು ಅವ್ಳು. ದೋಣಿನ ಅಂಗ್ ಕಟ್ದವ್ನು ನನ್ ಮಗ. ಈಗ ನಾನ್ ಯಾರ್ಗಪ್ಪ ಎದ್ರುಕಬೇಕು?" ಅಂದಳಂತೆ. ಈ ತಿಂಗಳ ಕೊನೆಗೆ ಹೈದರಾಬಾದಿನ ರೈಲು, ಅಜ್ಜಿಯೂ ಬರ್ತಾಳೆ. ಅಪ್ಪನಿಗೆ ರೈಲು ಹೊರಟ ಮೇಲೇ ಹೇಳೋದು ಅಂತಾಳೆ. ಅವನು ನಿನಗೇ ಫೋನ್ ಮಾಡಿ ಕೂಗಾಡ್ತಾನೆ, ಇನ್ಯಾರಿದ್ದಾರೆ ಅವನಿಗೆ. ಆಗ ನೀನು "ಓಗ್ಲಿ ಬುಡಪ್ಪ" ಅನ್ನಬೇಕು. ಎರಡೇ ಮಾತು. ಅಷ್ಟೂ ಬಾಯಿಗೆ ಬರಲ್ಲ ಅಂದರೆ ಅವತ್ತು ಫೋನ್ ಎತ್ತಲೇಬೇಡ.