ನೀನು ಕೇಳಿದ ಮೂರನೆಯ ಕಟ್ಟು

ಖಾನಾಪುರ
ಬುಧವಾರ, ೧೨ ನವೆಂಬರ್ ೨೦೨೫

ನನ್ನ ಸಮೃದ್ಧಿಗೆ, ನಿನ್ನ ಅವ್ವನ ಜಯ ಜಿನೇಂದ್ರ.

ಇವತ್ತು ಅಷ್ಟಮಿ, ನನ್ನದು ಒಪ್ಪತ್ತಿನ ಊಟ. ನಸುಕಿನಲ್ಲೆದ್ದು ನೀರು ಸೋಸಿ, ಅಂಗಳ ಸಾರಿಸಿ, ಬಸದಿಯಲ್ಲಿ ಅಭಿಷೇಕ ನೋಡಿ ಬಂದು ನಿನ್ನ ಅಪ್ಪನಿಗೆ ಬುತ್ತಿ ಕಟ್ಟಿಕೊಟ್ಟೆ. ಅವರು ಏಳರ ಬಸ್ಸಿಗೆ ಮಚ್ಛೆಯ ಫೌಂಡ್ರಿಗೆ ಹೋದ ಮೇಲೆ ಬರೆಯಲು ಕುಳಿತಿದ್ದೇನೆ. ರಾಯಚೂರಿನ ನೀರು ಈಗಲಾದರೂ ಒಗ್ಗಿತೇ? ಆಸ್ಪತ್ರೆಯಲ್ಲಿ ನಿಂತು ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆ, ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು. ಏಳನೇತ್ತೆ ಓದಿದ ಅವ್ವ ಡಾಕ್ಟರಿಗೇ ಔಷಧ ಹೇಳುತ್ತಾಳೆ ಎಂದು ನಗಬೇಡ.

ಟ್ರಂಕಿನಲ್ಲಿರುವ ಶ್ವಾಸಕೋಶದ ಕಟ್ಟನ್ನು ಕಳಿಸು, ತಿಂಗಳ ಕೊನೆಗೆ ಯಾವುದರ ತಜ್ಞಳಾಗುವೆ ಎಂದು ಬರೆದುಕೊಡಬೇಕು, ಅದಕ್ಕೆ ಮುಂಚೆ ಇನ್ನೊಮ್ಮೆ ನೋಡಬೇಕು ಎಂದು ಫೋನು ಮಾಡಿದ್ದೆಯಲ್ಲ. ನೀನು ಹಿಡಿದ ದಾರಿಯೇ ನಮಗೆ ಹೊಸದಾಗಿತ್ತು. ಉಳಿದ ಹುಡುಗರು ದೊಡ್ಡ ಡಾಕ್ಟರುಗಳನ್ನು ಕೇಳಿ ಆರಿಸಿಕೊಂಡರೆ ನೀನು ಸಂಶೋಧನೆಯ ಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿ ತಂದು, ಚರ್ಮದ್ದು, ಕೂಸುಗಳದ್ದು, ಶ್ವಾಸಕೋಶದ್ದು ಎಂದು ಮೂರು ಕಟ್ಟು ಮಾಡಿ, “ಯಾರೂ ಹೇಳದಽ ಯಾವುದನ್ನ ಎರಡನೇ ಸಲ ಓದ್ತೀನೋ ಅದಽ ನನ್ನ ದಾರಿ, ಅವ್ವಾ” ಎಂದಿದ್ದೆ. ನಿನ್ನ ಅಪ್ಪ, “ಚರ್ಮದ್ದ ತಗೋಳವಾ, ತುರಿಕಿಗೆ ಯಾರೂ ಸಾಯಂಗಿಲ್ಲ, ರಾತ್ರಿ ಯಾರೂ ನಿನ್ನ ಎಬ್ಬಸಂಗಿಲ್ಲ” ಎಂದು ನಗಿಸಿದ್ದರು. ನಗುತ್ತ ನಗುತ್ತ ಅವರಿಗೆ ಕೆಮ್ಮು ಹತ್ತಿತು. ನೀನು ಥಟ್ಟನೆ ನಗು ನಿಲ್ಲಿಸಿದೆ. ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಟ್ರಂಕು ತೆಗೆದು ನೋಡಿದರೆ ಮೂರೂ ಇಂಗ್ಲಿಷು, ಯಾವುದು ಯಾವುದೆಂದು ಚಿತ್ರ ನೋಡಿಯೇ ಗುರುತಿಸಬೇಕಾಯಿತು. ಚರ್ಮದ ಕಟ್ಟು ತಂದ ಹಾಗೆಯೇ ಇದೆ. ಕೂಸುಗಳದ್ದರಲ್ಲಿ ಅಲ್ಲೊಂದು ಇಲ್ಲೊಂದು ಗೆರೆ. ಮೂರನೆಯದರಲ್ಲಿ ಒಂದು ಲೇಖನದ ಅಂಚು ಮಾತ್ರ ತಿರುವಿ ತಿರುವಿ ಅರಿವೆಯ ಹಾಗೆ ಮೆತ್ತಗಾಗಿದೆ. ಅದರಲ್ಲಿ ಎದೆಯ ಎಕ್ಸರೇ ಚಿತ್ರ, ಮೇಲ್ಗಡೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿಗಳು. ಬಾಜೂಕ ನಿನ್ನ ಪೆನ್ಸಿಲಿನಿಂದ ಕನ್ನಡದಲ್ಲಿ ‘ಅಪ್ಪ’ ಎಂದು ಬರೆದು ಪ್ರಶ್ನೆಯ ಗುರುತು ಹಾಕಿದ್ದೀ. ಕೆಳಗಿನ ತಾರೀಖು ಹೋದ ವರ್ಷದ ಮಹಾವೀರ ಜಯಂತಿಯ ಮರುದಿನದ್ದು, ಅಂದರೆ ಅವರು ನಗುತ್ತ ಕೆಮ್ಮಿದ ಮಾರನೆಯ ದಿನ.

ನಿನ್ನ ತಮ್ಮ ಅತಿಶಯ ಮೊಬೈಲು ಹಿಡಿದು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದ. ಫೌಂಡ್ರಿಯ ಮರಳಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಏಳುವುದಿಲ್ಲವಂತೆ. ಕ್ಷಯ ಎಂದು ತಿಳಿದು ಅದರ ಮದ್ದು ಕೊಡುವುದೂ ಉಂಟಂತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಆ ಧೂಳು ನಿಲ್ಲುವುದಿಲ್ಲ ಎಂಬಲ್ಲಿಗೆ ಬಂದಾಗ ಸಾಕು ನಿಲ್ಲಿಸು ಎಂದೆ. ಇಪ್ಪತ್ತೆರಡು ವರ್ಷ ನಾನೇ ಅಲ್ಲವೇ ಅವರಿಗೆ ನೀರು ಸೋಸುವ ಬಟ್ಟೆಯನ್ನು ಮಡಚಿ ಕೊಟ್ಟವಳು? ಕಣ್ಣಿಗೆ ಕಾಣದ ಜೀವವನ್ನೇ ತಡೆಯುವ ಬಟ್ಟೆ, ಧೂಳು ಯಾವ ಲೆಕ್ಕ ಎಂದುಕೊಂಡಿದ್ದೆ. “ಫೌಂಡ್ರ್ಯಾಗ ಎಲ್ಲಾರೂ ನನಗ ಬಾಯಿಗೆ ಬಟ್ಟಿ ಕಟ್ಟೋ ಸ್ವಾಮಿಗಳ ಅಂತಾರ” ಎಂದು ಅವರು ನಗುತ್ತಲೇ ಕಟ್ಟಿಕೊಳ್ಳುತ್ತಿದ್ದರು. ಮಾಲಕರು ಕೊಡುತ್ತೇವೆಂದ ಮುಖಕವಚವನ್ನು, ಮನೆಯದು ಇದೆ ಎಂದು ಬೇಡವೆಂದರು.

ಆಮೇಲೆ ಬೀರುವಿನ ಮೇಲಿಂದ ಅವರ ಎಕ್ಸರೇ ಇಳಿಸಿದೆ. ಶ್ರಾವಣದಲ್ಲಿ ಫೌಂಡ್ರಿಯ ತಪಾಸಣೆಯಲ್ಲಿ ತೆಗೆದದ್ದು, “ಏನೂ ಇಲ್ಲಂತ, ಬರೇ ದಮ್ಮಂತ” ಎಂದು ಹೇಳಿ ತಾವೇ ಮೇಲಿಟ್ಟಿದ್ದರು. ಕಿಟಕಿಗೆ ಹಿಡಿದು ನಿನ್ನ ಕಾಗದದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದೆ. ನನಗೆ ಎಕ್ಸರೇ ಓದಲು ಬಾರದು, ನೋಡಲು ಬರುತ್ತದೆ. ಅತಿಶಯ ಎರಡನ್ನೂ ನೋಡಿ ಎದ್ದು ಹೊರಗೆ ಹೋದ.

ಮೊನ್ನೆ ಬಸದಿಯ ಏಳು ಮೆಟ್ಟಿಲಿಗೆ ಅವರು ಎರಡು ಸಲ ನಿಂತರು, ಕೇಳಿದರೆ ಗೋಪುರ ನೋಡುತ್ತಿದ್ದೆ ಎಂದರು. ಫೋನಿನಲ್ಲಿ ಇದನ್ನೆಲ್ಲ ಕೇಳಲಾರೆ, ಅವರು ಮಗ್ಗುಲಲ್ಲೇ ಇರುತ್ತಾರೆ. ನೀನೂ “ಏನಿಲ್ಲವ್ವಾ” ಎಂದುಬಿಡುತ್ತೀ. ಬರೆಯುವಾಗ ನಿನಗೆ ಸುಳ್ಳು ಬರುವುದಿಲ್ಲ, ಅದು ನನಗೆ ಗೊತ್ತು. ಇಷ್ಟು ದಿನ ಒಬ್ಬಳೇ ಹೊತ್ತೆಯಲ್ಲ, ಅದಕ್ಕೆ ನನಗೆ ಸಿಟ್ಟಿದೆ. ವಿಭಾಗದ ಮಾತು ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ ಹೆದರಿಕೆಯಿಂದ ಆ ಕಾಗದವನ್ನು ಮತ್ತೆ ಮತ್ತೆ ಓದಿದ್ದರೆ, ಅದನ್ನು ಇಷ್ಟ ಎಂದು ತಿಳಿದು ಸಹಿ ಮಾಡಬೇಡ. ಜನ್ಮವಿಡೀ ದಿನಾ ನೂರು ಎದೆ ನೋಡಬೇಕು, ಎಲ್ಲದರಲ್ಲೂ ನಿನಗೆ ಅಪ್ಪನೇ ಕಾಣಬಾರದು.

ಕಟ್ಟನ್ನು ನಾಳೆ ಕಳಿಸುತ್ತೇನೆ. ಹೊತ್ತು ಮುಳುಗುವ ಮುಂಚೆ ಊಟ ಮಾಡು. ಪಾರ್ಶ್ವನಾಥ ಸ್ವಾಮಿ ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ.

ನಿನ್ನ ಅವ್ವ,
ಚಂಪಾಬಾಯಿ

ತಾ. ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಫೌಂಡ್ರಿಯಲ್ಲಿ ಮರಳು ಹೊಡೆದು ಎರಕ ಉಜ್ಜುವ ಶೆಡ್ಡಿನ ರಾಯಪ್ಪ ದಸರೆಗೆ ಮುಂಚೆ ತೀರಿಕೊಂಡ. ಕ್ಷಯ ಎಂದರು, ಎಂಟು ತಿಂಗಳು ಮದ್ದು ತಿಂದಿದ್ದ. ಡಿಸೆಂಬರ್ ಒಂದರಿಂದ ಆ ಜಾಗಕ್ಕೆ ನಿನ್ನ ಅಪ್ಪನನ್ನು ಹಾಕಿದ್ದಾರೆ, ಇವರು ಒಪ್ಪಿಯೂ ಬಂದಿದ್ದಾರೆ. ರಾಯಪ್ಪನ ಕೋಟನ್ನು ಒಗೆಯಲು ತಂದಿದ್ದಾರೆ, ಬಚ್ಚಲಲ್ಲಿ ನೆನೆಯುತ್ತಿದೆ. ಹೋಗಬಹುದೋ ಬಾರದೋ, ಅಷ್ಟೇ ಬರೆ, ನಿನ್ನ ಅಕ್ಷರ ಮುಂದಿಟ್ಟರೆ ಅವರು ಕೇಳುತ್ತಾರೆ. ಮನೆಗೆ ಹಾಕಬೇಡ, ಮೊದಲು ಅವರ ಕೈಗೆ ಸಿಗಬಾರದು; ರಾಮತೀರ್ಥ ನಗರದಲ್ಲಿರುವ ನನ್ನ ತಂಗಿ, ನಿನ್ನ ಮಾವಶಿಯ ವಿಳಾಸಕ್ಕೆ ಹಾಕು. ಸಂಜೆ ತನ್ನ ಆಟೋ ನಗರದ ಕೆಲಸ ಮುಗಿದ ಮೇಲೆ ದಿನಾ ಅಲ್ಲಿಗೆ ಹೋಗಿ ನೋಡಿ, ಪತ್ರ ಬಂದ ದಿನವೇ ನನ್ನ ಕೈಗೆ ತಂದುಕೊಡು ಎಂದು ಅತಿಶಯನಿಗೆ ನೀನೂ ಒಂದು ಮಾತು ಹೇಳು.