ಬಾವಿಯ ಮೇಲಿನ ಹಲಗೆ

೪ ಸೆಪ್ಟೆಂಬರ್ ೧೯೩೪, ಮಂಗಳವಾರ

ಇವತ್ತೂ ಗಿರಣಿಯ ಭೋಂಗಾ ಕೂಗುವ ಮೊದಲೇ ಎಚ್ಚರ. ಹಿತ್ತಲಿಗೆ ಹೋಗಿ ಬಾವಿಕಟ್ಟೆಗೆ ಕೈಯೂರಿ ನಿಂತೆ. ತಂಪು ಗಾಳಿಗೆ — ಅಷ್ಟೇ. ಭೋಂಗಾ ಆಯಿತು, ಸೋಲಾಪುರವೆಲ್ಲ ಎದ್ದಿತು, ನನ್ನ ಮನೆಯ ರಾಣಿ ಏಳಲಿಲ್ಲ. ಎರಡು ಹೆಣ್ಣಿನ ಮೇಲೆ ಗಂಡು ಹೆತ್ತಿದ್ದಾಳೆ ಗಿರಿಜಾ. ಎರಡು ತಿಂಗಳಾಯಿತು. ಪೇಢೆ ಹಂಚಿ ನನ್ನ ಕೈ ಸೋತಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಕೂಸು ಕಿರುಚಿದರೆ ಅವ್ವ ಎತ್ತಬೇಕು, ಹಾಲಿಗೂ ಅವ್ವನೇ ತಂದು ಮಗ್ಗುಲಲ್ಲಿ ಹಾಕಬೇಕು. ಯಾಕೆ ಅಳುತ್ತೀ ಅಂದರೆ "ಗೊತ್ತಿಲ್ಲರಿ." ಗೊತ್ತಿಲ್ಲವಂತೆ! ಸೋಗು. ಬರೀ ಸೋಗು.

ರೊಟ್ಟಿ ಮಣ್ಣು ತಿಂದ ಹಾಗಾಯಿತು. ತಾಟು ದೂಡಿದೆ. "ನಿನ್ನೆ ಇದ ಜ್ವಾಳದ್ದು ಚೊಲೋ ಇತ್ತಲ್ಲೋ ಸಾತಲಿಂಗಾ" ಎಂದಳು ಅವ್ವ. ನಿನ್ನೆಯೂ ಚೊಲೋ ಇರಲಿಲ್ಲ.

೧೧ ಸೆಪ್ಟೆಂಬರ್

ಅಂಗಡಿಗೆ ವಳಸಂಗದ ಒಬ್ಬ ಗಿರಾಕಿ. ಹೊತ್ತೇರುವವರೆಗೆ ಸೀರೆಗಳ ಮಡಿಕೆ ಬಿಚ್ಚಿಸಿದ. "ಬ್ಯಾರೆ ಬಣ್ಣದ್ದು ತೋರಸ್ರಿ ಸಾವಕಾರ್ರ." ಸೀರೆ ಬೀದಿಗೆ ಒಗೆದು, "ಹೊರಗ ನಡಿ" ಅಂದೆ.

ಮುನೀಮ ತುಕಾರಾಮ ಬಾಯಿಬಿಟ್ಟು ನೋಡಿದ. "ಅಪ್ಪಾರ ಕಾಲದ ಗಿರಾಕಿರಿ ಅಂವ."

"ನೀನೂ ನಡಿ."

ಹೋಗಲಿಲ್ಲ, ಹೇಡಿ. ನಾನೇ ಒಳಕೋಣೆಗೆ ಹೋಗಿ ಬಟ್ಟೆಯ ಥಾನುಗಳ ನಡುವೆ ಸಂಜೆವರೆಗೆ ಕುಳಿತೆ. ಏನು ಯೋಚಿಸಿದೆ? ಏನೂ ಇಲ್ಲ. ವ್ಯಾಪಾರ ಚೆನ್ನಾಗಿದೆ. ಮನೆಯಲ್ಲಿ ಈಚೆಗೆ ಯಾರೂ ಸತ್ತಿಲ್ಲ. ಎಲ್ಲ ಚೆನ್ನಾಗಿದೆ — ಅದಕ್ಕೇ ಇನ್ನೂ ಸಿಟ್ಟು.

೧೨ ಸೆಪ್ಟೆಂಬರ್, ನಸುಕು

ಬಾವಿಯ ಮೇಲೆ ಯಾರೋ ಹಲಗೆ ಮುಚ್ಚಿದ್ದಾರೆ! ಅಂಗಡಿಯ ಹಳೆಯ ಬಾಗಿಲಿನವು, ಸಾಗವಾನಿ, ಹೆಣದಷ್ಟು ಭಾರ. ಅವ್ವನ ಕೆಲಸ. ಸೊಸೆ ಏನಾದರೂ ಮಾಡಿಕೊಂಡಾಳೆಂದು ಆಕೆಗೆ ಹೆದರಿಕೆ. ನೀರು ಕುಡಿಯಲು ಏಳದವಳು ಬಾವಿಯವರೆಗೆ ಎಲ್ಲಿ ನಡೆದಾಳು! ಹಲಗೆ ಎಳೆದು ಒಗೆದೆ. ಈ ಮನೆಯಲ್ಲಿ ನನಗೆ ನಿಲ್ಲಲು ಇರುವುದು ಅದೊಂದೇ ಜಾಗ.

೨೩ ಸೆಪ್ಟೆಂಬರ್, ರವಿವಾರ

ಅಕ್ಕಲಕೋಟೆ. ಅವ್ವನ ಹರಕೆ. ರೈಲು, ಟಾಂಗಾ, ಧೂಳು, ನೂಕುನುಗ್ಗಲು... ಯಾವಳೋ ಮುದುಕಿ ಗಿರಿಜಾಳನ್ನು ನೋಡಿ, "ಬಾಣಂತಿಗಿ ಗಾಳಿ ಹಿಡದದ" ಅಂದಳು. "ನಿನಗ ಹಿಡೀಲಿ" ಅಂದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ಅವ್ವನ ಅಳು.

ಮನೆಗೆ ಬಂದು ನೋಡಿದರೆ ಮತ್ತೆ ಹಲಗೆ. ದಿನಾ ನಾನು ಸರಿಸುವುದು, ದಿನಾ ಅದು ಮತ್ತೆ ಮುಚ್ಚಿರುವುದು. ಅವ್ವನನ್ನು ಕೇಳಿದರೆ ನಾನಲ್ಲ ಅನ್ನುತ್ತಾಳೆ. ಸುಳ್ಳಿ. ಸಾಕಾಯಿತು. ಗಿರಿಜಾಳ ತವರು ಭಂಡಾರಕವಠೆಗೆ ಹೇಳಿ ಕಳಿಸಿದೆ — ಕಲ್ಲಣ್ಣ ಬಂದು ತಂಗಿಯನ್ನು ಕರೆದೊಯ್ಯಲಿ. ಕೂಸು ಇಲ್ಲೇ ಇರುತ್ತದೆ. ಆಕಳ ಹಾಲು ಇದೆ.

೯ ಅಕ್ಟೋಬರ್

ಕಲ್ಲಣ್ಣ ಬಂದ. ಜೊತೆಗೊಬ್ಬ ಡಾಕ್ಟರ್. "ಹುಚ್ಚಿ ಅನ್ನೋ ಹೆಸರು ಹೊರಿಸಿ ನನ್ನ ತಂಗೀನ ಕಳಿಸಬ್ಯಾಡ್ರಿ ಮಾವಾರ. ಮೊದಲ ಇವರು ನೋಡ್ಲಿ. ಆಮ್ಯಾಲ ಕರಕೊಂಡು ಹೋಗ್ತೀನಿ." ಹೊಲದವನಿಗೆ ಎಷ್ಟು ಸೊಕ್ಕು!

ಡಾಕ್ಟರ್ ಪುಣೆಯಲ್ಲಿ ಕಲಿತವನು. ಮರಾಠಿ. ನಮ್ಮ ಮನೆಯ ಹೆಂಗಸರು ಪರಗಂಡಸರ ಮುಂದೆ ಬಾಯಿ ಬಿಡುವುದಿಲ್ಲ. ಅವನು ಪಡಸಾಲೆಯಲ್ಲಿ ಕೇಳಬೇಕು, ನಾನು ಒಳಗೆ ಹೋಗಿ ಅವಳನ್ನು ಕೇಳಿ ಬಂದು ಹೇಳಬೇಕು. ಅಷ್ಟು ಸಲ ಏಳುವವರು ಯಾರು? ನನ್ನ ಹೆಂಡತಿ ನನಗೆ ಗೊತ್ತಿಲ್ಲವೇ? ಕುಳಿತಲ್ಲೇ ಹೇಳಿದೆ.

ನಿದ್ದೆ ಹೇಗೆ? — ನಸುಕಿಗೆ ಮೊದಲೇ ಎಚ್ಚರ. ಮತ್ತೆ ಹತ್ತುವುದಿಲ್ಲ.

ಊಟ? — ಮಣ್ಣು.

ಮನಸ್ಸು ಯಾವುದರಲ್ಲಾದರೂ ನಿಲ್ಲುತ್ತದೆಯೇ? — ಇಲ್ಲ. ಯಾರ ಮುಖ ಕಂಡರೂ ಮೈ ಉರಿಯುತ್ತದೆ.

ಮೈ ಇಳಿದಿದೆಯೇ? — ಇಳಿಯದೆ? ನಡುವಿನಲ್ಲಿ ಧೋತರ ನಿಲ್ಲುವುದಿಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟ. "ಬಾಯೀಂಚ ಧೋತರ?" ಹೆಂಗಸಿನ ಧೋತರವೇ ಎಂದು ಕೇಳುತ್ತಾನೆ! ಯಾರೂ ನಗಲಿಲ್ಲ. ಕಲ್ಲಣ್ಣ ನೆಲ ನೋಡಿದ. ಆಗ ಬಾಗಿಲ ಹಿಂದಿನಿಂದ ಗಿರಿಜಾಳ ದನಿ — ಎಷ್ಟು ದಿನವಾಗಿತ್ತು ಅದನ್ನು ಕೇಳಿ.

"ಅದೆಲ್ಲಾ ನಂದಲ್ಲರಿ. ನಾ ಹಗಲಿಡೀ ಮಲಗಿರ್ತೀನಿ. ಎದಿ ಮ್ಯಾಲ ಕಲ್ಲಿಟ್ಟಂಗ ಆಗ್ತದ, ಕೂಸಿನ ಮಾರಿ ನೋಡಿದ್ರ ಅಳು ಬರ್ತದ. ಅದು ನಂದು. ನಸುಕಿನ್ಯಾಗ ಏಳಾವ್ರು ಅವರು. ಬಾವ್ಯಾಗ ಬಗ್ಗಿ ನೋಡಕೋತ ನಿಲ್ತಾರ. ಹಲಗಿ ನಾನ ಮುಚ್ಚತೀನಿ."

ಎದ್ದು ಹೊಡೆಯಬೇಕಿತ್ತು. ಧೋತರದ ಗಂಟು ಬಿಗಿದುಕೊಂಡೆ.

ಡಾಕ್ಟರ್ ಏನೇನೋ ಹೇಳಿದ. ಮೆಲಂಕೋಲಿಯಾ ಅಂತೆ, ಮನಸ್ಸಿನ ಜಡ್ಡು. ಬಾಣಂತಿಗೆ ಬರುವುದು ಒಂದು ಬಗೆ, ಕಾರಣವೇ ಇಲ್ಲದೆ ಬರುವುದು ಇನ್ನೊಂದು. ಒಬ್ಬರು ಅಳುತ್ತ ಮಲಗುತ್ತಾರೆ, ಒಬ್ಬರಿಗೆ ನಿದ್ದೆಯೇ ಇಲ್ಲ. ಕೆಲವು ಗಂಡಸರಿಗೆ ದುಃಖ ಅಂತ ಗೊತ್ತೇ ಆಗುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. "ಈ ಮನೆಯಲ್ಲಿ ಇಬ್ಬರು ರೋಗಿಗಳು" ಎಂದ. "ಮೂರನೆಯವ ನೀ ಆಗಬ್ಯಾಡ, ಹೋಗು" ಅಂದೆ. ಚೀಲ ಎತ್ತಿಕೊಂಡು ಹೋದ.

೧೦ ಅಕ್ಟೋಬರ್

ಕಲ್ಲಣ್ಣ ಗಾಡಿ ಹೂಡಿದ. ಗಿರಿಜಾ ಹಾಸಿಗೆಯಿಂದ ಅಲುಗಲಿಲ್ಲ. "ನಾ ಬರಾಂಗಿಲ್ಲಣ್ಣಾ. ನಾ ಬಂದ್ರ ಹಲಗಿ ಯಾರ ಮುಚ್ಚತಾರ?"

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ. ಗಾಡಿ ಖಾಲಿ ಹೋಯಿತು.

ಆ ಹಲಗೆ ಸರಿಸುವಾಗ ನನಗೇ ಉಸಿರು ಹತ್ತುತ್ತದೆ. ಕೂಸನ್ನು ಎತ್ತಲಾರದವಳು ದಿನಾ ಅದನ್ನು ಎತ್ತಿದ್ದಾಳೆ. ನನಗಾಗಿ. ಯಾರು ಹೇಳಿದ್ದರು ಅವಳಿಗೆ? ನಾನು ಕೇಳಿದ್ದೆನೇ? ಅಕ್ಷರ ಸೊಟ್ಟಗಾಗುತ್ತಿವೆ. ಸಿಟ್ಟೇ ಇರಬೇಕು.

೨೮ ಅಕ್ಟೋಬರ್

ಎಷ್ಟೋ ದಿನ ಬರೆದಿಲ್ಲ. ದೀಪಾವಳಿಯ ಗದ್ದಲ, ಅಂಗಡಿ ತುಕಾರಾಮನ ಕೈಯಲ್ಲಿ.

ಈ ನಸುಕು ಹಿತ್ತಲಿಗೆ ಹೋದೆ. ಹಲಗೆಯ ಮೇಲೆ ಗಿರಿಜಾ ಕುಳಿತಿದ್ದಳು, ಕೌದಿ ಹೊದ್ದು, ತಲೆ ಬಾಚದೆ. ಒಳಗೆ ಕೂಸು ಅಳುತ್ತಿತ್ತು. ಇಬ್ಬರೂ ಹೋಗಲಿಲ್ಲ.

"ಏಳು" ಅಂದೆ.

"ಏಳಾಂಗಿಲ್ಲ."

"ಎಳೆದು ಒಗೀತೀನಿ."

"ಒಗೀರಿ." ಸ್ವಲ್ಪ ಸರಿದು ಜಾಗ ಮಾಡಿದಳು. "ಇಲ್ಲಾಂದ್ರ ಕುಂದರ್ರಿ."

ಕುಳಿತೆ. ಸಿಟ್ಟಿನಿಂದಲೇ ಕುಳಿತೆ. ಹಲಗೆ ತಣ್ಣಗಿತ್ತು. ಅವ್ವ ಎದ್ದಿರಬೇಕು, ಕೂಸಿನ ಅಳು ನಿಂತಿತು.

"ಯಾವಾಗಿಂದರಿ ಇದು, ನಿಮಗ?"

ಮನೆಮಂದಿಯೆಲ್ಲರ ಪರವಾಗಿ ಉತ್ತರ ಕೊಡುತ್ತ ಬಂದವನು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ನಿನಗ್ಯಾಕ ಅಂತ ಬಾಯಿ ತೆರೆದೆ, ಅಳು ಬಂತು. ಥೂ. ಗಂಡಸು! ಅವಳು ನನ್ನ ಕಡೆ ನೋಡಲಿಲ್ಲ, ಏಳಲೂ ಇಲ್ಲ. ಭೋಂಗಾ ಕೂಗಿ ಮುಗಿಯುವವರೆಗೆ ಕಾದೆ. ಆಮೇಲೆ ಹೇಳಿದೆ — ಅಪ್ಪ ಹೋದಾಗಿನಿಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅಲ್ಲ, ಅದಕ್ಕೂ ಮೊದಲು, ನಾನಿನ್ನೂ ಸಾಲೆಗೆ ಹೋಗುವಾಗ ಒಂದು ದಿನ... ಉಳಿದದ್ದು ಅವಳಿಗೆ ಹೇಳಿದೆ, ಇಲ್ಲಿ ಬರೆಯುವುದಿಲ್ಲ.